ಪ್ರಮಾಣಪತ್ರವೂ ಪ್ರಮಾಣವೂ

ಪ್ರಮಾಣ ಎಂಬ ಶಬ್ದವು ನಮ್ಮ ನುಡಿಯಲ್ಲಿ ಹಲವು ಅರ್ಥಗಳನ್ನು ಹೊತ್ತುಕೊಂಡಿದೆ. ಅಂಗಡಿಯಲ್ಲಿ ಅದು ಅಳತೆ. ನ್ಯಾಯಾಲಯದ ಕಟಕಟೆಯಲ್ಲಿ ಅದು ಆಣೆ. ತತ್ತ್ವಶಾಸ್ತ್ರದಲ್ಲಿ ಅದು ಯಥಾರ್ಥ ಜ್ಞಾನ. ಜೈನಾಚಾರ್ಯರು ಈ ಕೊನೆಯ ಅರ್ಥವನ್ನು ಬಹು ಎಚ್ಚರಿಕೆಯಿಂದ ವಿವೇಚಿಸಿ, ವಸ್ತುವನ್ನು ಸಮಗ್ರವಾಗಿ ಗ್ರಹಿಸುವ ಜ್ಞಾನವನ್ನು ಪ್ರಮಾಣವೆಂದೂ, ಅದರ ಒಂದು ಅಂಶವನ್ನು ಮಾತ್ರ ಹಿಡಿಯುವ ದೃಷ್ಟಿಯನ್ನು ನಯವೆಂದೂ ಕರೆದರು. ಈಚಿನ ದಶಕಗಳಲ್ಲಿ ಹಲವು ದೇಶಗಳ ಸರಕಾರಗಳು ಕಟ್ಟಡಗಳಿಗೂ ಪ್ರಮಾಣಪತ್ರ ಕೊಡತೊಡಗಿವೆ. ಈ ಅಂಗಡಿ, ಈ ಕಚೇರಿ, ಈ ಗೋದಾಮು ಎಷ್ಟು ಇಂಧನವನ್ನು ಬೇಡುವ ಬಗೆಯದು ಎಂದು ಅದರಲ್ಲಿ ಒಂದು ಅಕ್ಷರದಿಂದ ಸೂಚಿಸಿರುತ್ತದೆ. ಆ ಅಕ್ಷರದಲ್ಲಿರುವುದು ಪ್ರಮಾಣವೋ ನಯವೋ? ಮೇಲ್ನೋಟಕ್ಕೆ ಇದು ಪಂಡಿತರ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಡುವ ಗೃಹಸ್ಥನಿಗೂ, ಬಸದಿಯ ಖರ್ಚಿಗಾಗಿ ವಾಣಿಜ್ಯ ಸಂಕೀರ್ಣ ನಡೆಸುವ ಟ್ರಸ್ಟಿಗೂ ಇದು ಸತ್ಯಾಣುವ್ರತದ ಪ್ರಶ್ನೆಯೇ ಆಗಿದೆ.

ಫ್ರಿಜ್ ಕೊಳ್ಳಲು ಹೋದವರೆಲ್ಲ ಅದರ ಬಾಗಿಲಿಗೆ ಅಂಟಿಸಿದ ನಕ್ಷತ್ರಗಳ ಚೀಟಿಯನ್ನು ನೋಡಿರುತ್ತಾರೆ. ಹೊರಗಿನಿಂದ ಎರಡು ಪೆಟ್ಟಿಗೆಗಳು ಒಂದೇ ಬಗೆಯವಾಗಿ ಕಂಡರೂ ಒಂದು ಹೆಚ್ಚು ವಿದ್ಯುತ್ ತಿನ್ನುತ್ತದೆ, ಇನ್ನೊಂದು ಕಡಿಮೆ; ಆ ಅಂತರ ಗ್ರಾಹಕನ ಕಣ್ಣಿಗೆ ಬೀಳದು, ಚೀಟಿ ಅದನ್ನು ತೋರಿಸುತ್ತದೆ. ಕಟ್ಟಡದ ವಿಷಯದಲ್ಲಿ ಈ ಕುರುಡುತನ ಇನ್ನೂ ಹೆಚ್ಚು. ಗೋಡೆಯೊಳಗೆ ಏನಿದೆ, ಮಾಡಿನಡಿಯಲ್ಲಿ ಉಷ್ಣನಿರೋಧಕ ಪದರ ಹಾಕಿದ್ದಾರೆಯೇ, ನೆಲಮಾಳಿಗೆಯ ಯಂತ್ರ ಎಷ್ಟು ಹಳೆಯದು ಎಂಬುದನ್ನು ಬಾಡಿಗೆಗೆ ಬರುವವನು ತಿಳಿಯುವುದು ಮೊದಲ ಚಳಿಗಾಲದ ಬಿಲ್ಲು ಬಂದಾಗ. ಯೂರೋಪಿನಲ್ಲಿ ಒಟ್ಟು ಇಂಧನದ ಸುಮಾರು ಶೇಕಡ 40 ಭಾಗ ಕಟ್ಟಡಗಳಲ್ಲೇ ವ್ಯಯವಾಗುತ್ತಿದ್ದುದರಿಂದ, 2002ರ ಡಿಸೆಂಬರ್ 16ರಂದು ಯೂರೋಪಿಯನ್ ಒಕ್ಕೂಟವು ಒಂದು ನಿರ್ದೇಶನವನ್ನು ಹೊರಡಿಸಿ, ಕಟ್ಟಡವನ್ನು ಕಟ್ಟಿದಾಗ, ಮಾರುವಾಗ, ಬಾಡಿಗೆಗೆ ಕೊಡುವಾಗ ಇಂತಹ ಪತ್ರವೊಂದನ್ನು ಮುಂದಿಡಬೇಕೆಂದು ತನ್ನ ಸದಸ್ಯ ರಾಷ್ಟ್ರಗಳಿಗೆ ವಿಧಿಸಿತು. ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್ ಎಂಬುದು ಅದರ ಹೆಸರು. ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ವಾಣಿಜ್ಯ ಕಟ್ಟಡಗಳಿಗೆ ಇದು 2008ರಲ್ಲಿ ಜಾರಿಗೆ ಬಂದಿತು. 2020ರಲ್ಲಿ ಬ್ರಿಟನ್ ಒಕ್ಕೂಟವನ್ನು ತೊರೆದ ಮೇಲೂ ಕಾಯಿದೆ ಉಳಿದಿದೆ. ಪೂರ್ವ ಆಫ್ರಿಕದಿಂದ ಹೋಗಿ ಲಂಡನ್, ಲೆಸ್ಟರ್ ಮುಂತಾದ ನಗರಗಳಲ್ಲಿ ನೆಲೆಸಿದ ಜೈನ ವರ್ತಕ ಕುಟುಂಬಗಳಿಗೆ ಇದು ನಿತ್ಯ ವ್ಯವಹಾರದ ಸಂಗತಿ. ಅವರಲ್ಲಿ ಕೆಲವರು ಮಾಲೀಕರು, ಕೆಲವರು ಬಾಡಿಗೆದಾರರು, ಎಷ್ಟೋ ಮಂದಿ ಎರಡೂ. ಆದುದರಿಂದ ಬ್ರಿಟನ್ನಿನ ಉದಾಹರಣೆಯನ್ನೇ ಇಲ್ಲಿ ವಿಸ್ತಾರವಾಗಿ ನೋಡುವುದು ಉಚಿತ.

ಪತ್ರ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಮಾನ್ಯತೆ ಪಡೆದ ಪರೀಕ್ಷಕನೊಬ್ಬ ಕಟ್ಟಡಕ್ಕೆ ಬರುತ್ತಾನೆ. ಕೋಣೆಗಳ ಅಳತೆ, ಗೋಡೆಯ ಬಗೆ, ಕಿಟಕಿಯ ಗಾಜು ಒಂಟಿಯೋ ಜೋಡಿಯೋ, ದೀಪಗಳ ಜಾತಿ, ಕಟ್ಟಡವನ್ನು ಬೆಚ್ಚಗಿಡುವ ಮತ್ತು ತಂಪಾಗಿಡುವ ಯಂತ್ರಗಳು, ಇವನ್ನೆಲ್ಲ ಗುರುತು ಹಾಕಿಕೊಂಡು ಒಂದು ಗಣಕ ತಂತ್ರಾಂಶಕ್ಕೆ ಉಣಿಸುತ್ತಾನೆ. ಸಾಮಾನ್ಯ ಕಟ್ಟಡಗಳಿಗೆ ಬಳಕೆಯಲ್ಲಿರುವ ತಂತ್ರಾಂಶದ ಹೆಸರು ಎಸ್‌ಬಿಇಎಂ. ಅದು ಆ ಕಟ್ಟಡದಿಂದ ಹೊರಬೀಳಬಹುದಾದ ಇಂಗಾಲದ ಡೈಆಕ್ಸೈಡನ್ನು ಅದೇ ಗಾತ್ರದ, ಅದೇ ಉಪಯೋಗದ ಒಂದು ಕಲ್ಪಿತ ಕಟ್ಟಡದೊಂದಿಗೆ ಹೋಲಿಸಿ ಅಂಕಿಯೊಂದನ್ನು ಕೊಡುತ್ತದೆ. 25ರವರೆಗೆ ಬಂದರೆ 'ಎ', 50ರವರೆಗೆ 'ಬಿ', ಹೀಗೆ ಇಪ್ಪತ್ತೈದರ ಮೆಟ್ಟಿಲುಗಳಲ್ಲಿ ಇಳಿದು 150ನ್ನು ಮೀರಿದರೆ 'ಜಿ'. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಶ್ರೇಯಸ್ಸು. ಪತ್ರದ ಆಯುಸ್ಸು ಹತ್ತು ವರ್ಷ. ಗೋಡೆಯೊಳಗಿನ ಪದರಕ್ಕೆ ದಾಖಲೆ ದೊರೆಯದಿದ್ದರೆ ಕಟ್ಟಡದ ವಯಸ್ಸಿಗೆ ತಕ್ಕಂತೆ ತಂತ್ರಾಂಶವೇ ಒಂದು ಬೆಲೆಯನ್ನು ಊಹಿಸಿಕೊಳ್ಳುತ್ತದೆ, ಅದೂ ಬಹುಮಟ್ಟಿಗೆ ಕಟ್ಟಡಕ್ಕೆ ಪ್ರತಿಕೂಲವಾಗಿಯೇ. ಶ್ರಮಪಟ್ಟು ಹಳೆಯ ನಕ್ಷೆಗಳನ್ನು ಹುಡುಕುವ ಪರೀಕ್ಷಕನಿಗೆ ಒಂದು ಅಕ್ಷರ ದೊರೆತು, ಅವಸರದವನಿಗೆ ಬೇರೊಂದು ದೊರೆತರೆ ಆಶ್ಚರ್ಯವಿಲ್ಲ.

ಇಷ್ಟನ್ನು ಓದಿದ ಜಾಣ ವಾಚಕರು ಒಂದು ಲೋಪವನ್ನು ಈಗಾಗಲೇ ಗಮನಿಸಿರಬಹುದು. ಇಷ್ಟು ಲೆಕ್ಕದಲ್ಲಿ ಮೀಟರಿನ ಮಾತು ಎಲ್ಲಿಯೂ ಬರಲಿಲ್ಲ. ಆ ಕಟ್ಟಡದಲ್ಲಿ ಕಳೆದ ವರ್ಷ ನಿಜವಾಗಿ ಎಷ್ಟು ಯೂನಿಟ್ ಸುಟ್ಟಿತು ಎಂದು ಪರೀಕ್ಷಕ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಂಗಡಿಯಾದರೆ ಇಷ್ಟು ಗಂಟೆ ತೆರೆದಿರುತ್ತದೆ, ಕಚೇರಿಯಾದರೆ ಇಷ್ಟು ಜನ ಕುಳಿತಿರುತ್ತಾರೆ ಎಂಬ ನಿಗದಿತ ಕಲ್ಪನೆಯ ಮೇಲೆ ಲೆಕ್ಕ ಸಾಗುತ್ತದೆ. ಒಂದೇ ಬೀದಿಯ ಒಂದೇ ನಮೂನೆಯ ಎರಡು ಮಳಿಗೆಗಳಲ್ಲಿ ಒಂದರ ವರ್ತಕ ಕತ್ತಲಾಗುತ್ತಲೇ ದೀಪ ಆರಿಸಿ ಬಾಗಿಲು ಮುಚ್ಚುವವನು, ಇನ್ನೊಂದರವನು ಚಳಿಯಲ್ಲೂ ಬಾಗಿಲು ತೆರೆದಿಟ್ಟು ಬೀದಿಗೆ ಬಿಸಿಗಾಳಿ ಬಿಡುವವನು ಎಂದಿಟ್ಟುಕೊಳ್ಳಿ. ಇಬ್ಬರ ಗೋಡೆಯ ಮೇಲೂ ಅದೇ ಅಕ್ಷರ. ಪರೀಕ್ಷೆಗೆ ಒಳಗಾದದ್ದು ಕಟ್ಟಡ. ಅದರೊಳಗಿನ ಬಾಳು ಪರೀಕ್ಷೆಗೆ ಬಂದಿಲ್ಲ.

ಬ್ರಿಟನ್ನಿನವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಸಾರ್ವಜನಿಕರು ಬಂದು ಹೋಗುವ ಸರಕಾರಿ ಕಟ್ಟಡಗಳಿಗೆ ಅವರು 2008ರಿಂದಲೇ ಬೇರೆ ಬಗೆಯ ಪತ್ರವೊಂದನ್ನು ವಿಧಿಸಿದ್ದಾರೆ. ಡಿಸ್‌ಪ್ಲೇ ಎನರ್ಜಿ ಸರ್ಟಿಫಿಕೇಟ್ ಎಂಬ ಅದನ್ನು ಹೊಸಿಲ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಅದರಲ್ಲಿನ ಅಂಕಿ ಮೀಟರಿನಿಂದಲೇ ಬಂದದ್ದು: ಆ ಬಗೆಯ ಸಾಧಾರಣ ಕಟ್ಟಡದ ಬಳಕೆಯನ್ನು 100 ಎಂದಿಟ್ಟುಕೊಂಡು, ಈ ಕಟ್ಟಡ ಅದಕ್ಕಿಂತ ಮೇಲೋ ಕೆಳಗೋ ಎಂದು ಹೇಳುತ್ತದೆ. ಮೊದಲು 1,000 ಚದರ ಮೀಟರಿಗಿಂತ ದೊಡ್ಡವಕ್ಕೆ ಇದ್ದ ಈ ನಿಯಮ 2013ರಲ್ಲಿ 500ಕ್ಕೆ, 2015ರಲ್ಲಿ 250ಕ್ಕೆ ಇಳಿಯಿತು. ದೊಡ್ಡ ಕಟ್ಟಡಗಳು ಪ್ರತಿ ವರ್ಷವೂ ಹೊಸ ಪತ್ರ ಪಡೆಯಬೇಕು. ಖಾಸಗಿ ವಾಣಿಜ್ಯ ಕಟ್ಟಡಗಳಿಗೆ ಮಾತ್ರ ಈ ಎರಡನೆಯ ಪತ್ರದ ಕಟ್ಟುಪಾಡು ಬರಲಿಲ್ಲ. ಪುರಭವನದ ಬಳಕೆ ಊರಿಗೆಲ್ಲ ತಿಳಿಯಬೇಕು, ವ್ಯಾಪಾರಿಯ ಬಳಕೆ ಅವನ ಪೆಟ್ಟಿಗೆಯಲ್ಲೇ ಇರಬಹುದು ಎಂಬ ಈ ತಾರತಮ್ಯಕ್ಕೆ ವ್ಯಾವಹಾರಿಕ ಕಾರಣಗಳಿರಬಹುದು. ನೈತಿಕ ಕಾರಣವೊಂದು ಈ ಲೇಖಕನಿಗಂತೂ ಹೊಳೆಯುವುದಿಲ್ಲ.

ನಮ್ಮ ನ್ಯಾಯಶಾಸ್ತ್ರದ ಪರಿಭಾಷೆ ಇಲ್ಲಿ ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತದೆ. ಮೊದಲನೆಯ ಪತ್ರ ದ್ರವ್ಯಾರ್ಥಿಕ ನಯಕ್ಕೆ ಸಮೀಪವಾದುದು. ಬಂದುಹೋಗುವ ಅವಸ್ಥೆಗಳನ್ನು ಬದಿಗಿರಿಸಿ, ಉಳಿದುಕೊಳ್ಳುವ ದ್ರವ್ಯವನ್ನು, ಎಂದರೆ ಗೋಡೆ ಮಾಡು ಗಾಜು ಯಂತ್ರಗಳನ್ನು, ಅದು ನೋಡುತ್ತದೆ. ಎರಡನೆಯದು ಪರ್ಯಾಯಾರ್ಥಿಕ ನಯ. ದ್ರವ್ಯ ಹೇಗೇ ಇರಲಿ, ಈ ವರ್ಷ ಅದು ತಾಳಿದ ಅವಸ್ಥೆ ಯಾವುದು ಎಂದು ಕೇಳುತ್ತದೆ. ಎರಡೂ ಸತ್ಯ, ಎರಡೂ ಅಪೂರ್ಣ. ಮೀಟರು ಸಹ ಪೂರ್ಣಸತ್ಯವನ್ನು ನುಡಿಯದು ಎಂಬುದನ್ನು ಇಲ್ಲಿ ಮರೆಯಬಾರದು. ಅರ್ಧ ಖಾಲಿ ಬಿದ್ದಿರುವ ಕಚೇರಿಯ ಮೀಟರು ನಿಧಾನವಾಗಿ ತಿರುಗುತ್ತದೆ. ಅದರಿಂದ ಆ ಕಟ್ಟಡಕ್ಕೆ ಶೀಲ ಬಂದಂತಾಗಲಿಲ್ಲ. ಒಂದು ನಯ ಇನ್ನೊಂದನ್ನು ಅಲ್ಲಗಳೆಯದೆ ತನ್ನ ಮಾತನ್ನು ಹೇಳಿದರೆ ಅದು ಸುನಯ. ನಾನೇ ಸರ್ವಸ್ವವೆಂದರೆ ನಯಾಭಾಸ.

ಈ ಭೇದ ಬರಿಯ ತರ್ಕದ ಆಟವಲ್ಲವೆಂಬುದಕ್ಕೆ ಸಾಕ್ಷಿ ದೊರೆತಿದೆ. 2012ರಲ್ಲಿ ಬೆಟರ್ ಬಿಲ್ಡಿಂಗ್ಸ್ ಪಾರ್ಟ್ನರ್‌ಶಿಪ್ ಎಂಬ ಲಂಡನ್ನಿನ ಕಟ್ಟಡ ಮಾಲೀಕರ ಕೂಟವೂ ಜೋನ್ಸ್ ಲ್ಯಾಂಗ್ ಲಸಾಲ್ ಎಂಬ ಆಸ್ತಿ ಸಲಹಾ ಸಂಸ್ಥೆಯೂ ಕೂಡಿ ವರದಿಯೊಂದನ್ನು ಹೊರತಂದವು. ಇನ್ನೂರಕ್ಕೂ ಮಿಕ್ಕ ಕಟ್ಟಡಗಳ ಪತ್ರದಲ್ಲಿನ ಅಕ್ಷರವನ್ನು ಅವುಗಳ ನಿಜವಾದ ಬಳಕೆಯ ಪಕ್ಕದಲ್ಲಿಟ್ಟು ನೋಡಿದಾಗ ಇವೆರಡಕ್ಕೂ ಹೇಳಿಕೊಳ್ಳುವಂತಹ ಸಂಬಂಧ ಕಾಣಲಿಲ್ಲ. ಒಳ್ಳೆಯ ಅಕ್ಷರದ ಕಟ್ಟಡ ಹೆಚ್ಚು ಉರಿಸುವುದೂ, ಸಾಧಾರಣ ಅಕ್ಷರದ್ದು ಮಿತವಾಗಿ ಬಾಳುವುದೂ ಉಂಟು. ಮಾಲೀಕರೇ ಸೇರಿ ಇದನ್ನು ಪ್ರಕಟಿಸಿದ್ದು ಪ್ರಶಂಸನೀಯ.

ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಿತ್ರ. ಪತ್ರದ ಅಂಕಿ ನಿಂತಿರುವುದು ಇಂಗಾಲದ ಡೈಆಕ್ಸೈಡಿನ ಲೆಕ್ಕದ ಮೇಲಷ್ಟೆ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಅನಿಲವೆಂದು ಹಿಡಿಯಬೇಕೆಂಬುದನ್ನು ಸರಕಾರ ನಿಗದಿಪಡಿಸುತ್ತದೆ. ಮೊದಲು ಅದು 0.519 ಕಿಲೋಗ್ರಾಮ್ ಇತ್ತು. ಕಲ್ಲಿದ್ದಲಿನ ಸ್ಥಾವರಗಳು ಒಂದೊಂದಾಗಿ ಮುಚ್ಚುತ್ತ, ಗಾಳಿಯಂತ್ರಗಳು ಹೆಚ್ಚುತ್ತ ಬಂದುದರಿಂದ 2022ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಅದು ವರ್ಷದ ಸರಾಸರಿಯಲ್ಲಿ ಸುಮಾರು 0.136ಕ್ಕೆ ಇಳಿಯಿತು. (ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲು ಸ್ಥಾವರ, ರ‍್ಯಾಟ್‌ಕ್ಲಿಫ್‌ನದು, 2024ರ ಸೆಪ್ಟೆಂಬರ್ 30ರಂದು ಮುಚ್ಚಿತು.) ಪರಿಣಾಮವಾಗಿ, ವಿದ್ಯುತ್ತಿನಿಂದಲೇ ಬೆಚ್ಚಗಾಗುವ ಎಷ್ಟೋ ಕಟ್ಟಡಗಳು ಒಂದು ಇಟ್ಟಿಗೆಯನ್ನೂ ಅಲುಗಿಸದೆ ಮೇಲಿನ ದರ್ಜೆಗೆ ಏರಿದವು; ಅನಿಲದ ಕುಲುಮೆಯವು ಕೆಲವು ಕೆಳಗಿಳಿದವು. ಕಟ್ಟಡವೂ ಬದಲಾಗಲಿಲ್ಲ, ಅದರೊಳಗಿನ ಜನರೂ ಬದಲಾಗಲಿಲ್ಲ. ನೋಡುವ ಕಣ್ಣು ಬದಲಾಯಿತು. ಇದನ್ನು ಮೋಸವೆಂದು ಯಾರೂ ಹೇಳಲಾರರು. ಲೋಕದ ಸ್ಥಿತಿ ನಿಜವಾಗಿಯೂ ಬದಲಾಗಿತ್ತು. ಆದರೆ ಅಂತಹ ಅಕ್ಷರವನ್ನು ತನ್ನ ಸಾಧನೆಯೆಂದು ಮೆರೆಸುವ ಮಾಲೀಕನನ್ನು ಏನೆನ್ನೋಣ?

ಇಲ್ಲಿಗೆ ವ್ರತದ ಮಾತಿಗೆ ಬರಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಒದಗುವ ಅತಿಚಾರಗಳ ಪೈಕಿ ಕೂಟಲೇಖಕ್ರಿಯೆ ಒಂದು. ಸುಳ್ಳು ದಾಖಲೆ ಬರೆಯುವುದು, ಬರೆಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಎಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಒಂದು ಅಳತೆ, ಮತ್ತು ಪ್ರತಿರೂಪಕವ್ಯವಹಾರ, ಎಂದರೆ ಅಸಲಿನ ಜಾಗದಲ್ಲಿ ಅದರಂತೆ ಕಾಣುವ ಬೇರೊಂದನ್ನು ಕೊಟ್ಟು ಸಾಗಿಸುವುದು, ಇವೂ ಇವೆ. ವರ್ತಕರೇ ಹೆಚ್ಚಾಗಿದ್ದ ಸಮಾಜವೊಂದು ತನ್ನ ದೌರ್ಬಲ್ಯಗಳನ್ನು ತಾನೇ ಎಷ್ಟು ನಿಚ್ಚಳವಾಗಿ ಅರಿತಿತ್ತೆಂದು ಈ ಪಟ್ಟಿಯನ್ನು ಓದಿದಾಗಲೆಲ್ಲ ಬೆರಗಾಗುತ್ತದೆ. ನಿಯಮದಂತೆ ಅಳೆದು ಬರೆದ ಪತ್ರವನ್ನು ಕೂಟಲೇಖವೆನ್ನಲಾಗದು. ಪರೀಕ್ಷಕ ತಾನು ಕಂಡುದನ್ನೇ ಬರೆದಿದ್ದಾನೆ. ದೋಷ ಹುಟ್ಟುವುದು ಪತ್ರ ಕೈಬದಲಾಯಿಸುವಾಗ. "ಈ ಕಟ್ಟಡಕ್ಕೆ 'ಬಿ' ದರ್ಜೆ ಇದೆ" ಎಂಬುದು ನಿಜವಾದ ಮಾತು. "ಈ ಕಟ್ಟಡ ಮಿತವಾಗಿ ಇಂಧನ ಬಳಸುತ್ತದೆ" ಎಂಬುದು ಬೇರೆಯೇ ಮಾತು. ತನ್ನಲ್ಲಿ ಹನ್ನೆರಡು ತಿಂಗಳ ಬಿಲ್ಲು ಇಟ್ಟುಕೊಂಡು, ಅವು ಬೇರೆ ಕಥೆ ಹೇಳುತ್ತವೆಂದು ತಿಳಿದೂ, ಮೊದಲನೆಯ ಮಾತನ್ನು ಎರಡನೆಯದರ ಜಾಗದಲ್ಲಿ ಇಡುವವನು ಪ್ರತಿರೂಪಕವ್ಯವಹಾರದ ಗಡಿಯನ್ನು ಮುಟ್ಟಿದ್ದಾನೆಂದೇ ಹೇಳಬೇಕಾಗುತ್ತದೆ. ಅವನು ನುಡಿದ ಒಂದೊಂದು ಶಬ್ದವೂ ಸತ್ಯವಾಗಿರಬಹುದು. ವ್ರತ ಕೇಳುವುದು ಶಬ್ದವನ್ನಷ್ಟೇ ಅಲ್ಲ, ಕೇಳುವವನ ಮನಸ್ಸಿನಲ್ಲಿ ಏನು ಮೂಡಲೆಂದು ಆ ಶಬ್ದವನ್ನು ಆಡಿದೆವೋ ಅದನ್ನೂ ಕೇಳುತ್ತದೆ.

ಮಾಲೀಕನ ಪಕ್ಷದಲ್ಲಿ ಹೇಳಬೇಕಾದುದೂ ಇದೆ. "ನಾನು ಕೊಟ್ಟದ್ದು ಗಟ್ಟಿಯಾದ ಪಾತ್ರೆ, ಒಳಗಿದ್ದವನು ಕಿಟಕಿ ತೆರೆದು ಯಂತ್ರ ಓಡಿಸಿದರೆ ಆ ಪಾಪ ನನಗೇಕೆ?" ಎಂದು ಅವನು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ವಾಸ್ತವದಲ್ಲಿ ಹೆಚ್ಚಾಗಿ ನಡೆಯುವುದು ಇದರ ವಿಪರ್ಯಾಸ. ಉಷ್ಣನಿರೋಧಕ ಪದರಕ್ಕೆ, ಹೊಸ ಯಂತ್ರಕ್ಕೆ ಹಣ ಹಾಕಬೇಕಾದವನು ಮಾಲೀಕ. ಅದರಿಂದ ಬಿಲ್ಲು ಇಳಿದು ಲಾಭವಾಗುವುದು ಬಾಡಿಗೆದಾರನಿಗೆ. ಹೀಗಾಗಿ ಮಾಲೀಕ ಕೈ ಬಿಚ್ಚುವುದಿಲ್ಲ. ಬಾಡಿಗೆದಾರನೋ, ಐದು ವರ್ಷಕ್ಕೆ ಬಿಟ್ಟುಹೋಗುವ ಗೋಡೆಗೆ ತಾನೇಕೆ ಖರ್ಚು ಮಾಡಲಿ ಎನ್ನುತ್ತಾನೆ. ಇಬ್ಬರ ನಡುವೆ ಇಂಧನ ಸೋರುತ್ತಲೇ ಇರುತ್ತದೆ, ಅದಕ್ಕೆ ವಾರಸುದಾರನಿಲ್ಲ.

ಹಿಂಸೆಯ ವಿಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದುದಕ್ಕೆ ಸಮ್ಮತಿಸಿದ್ದು. ಸೋರುವ ಕಟ್ಟಡದಲ್ಲಿ ಬಾಡಿಗೆದಾರ ಹೆಚ್ಚು ಉರಿಸದೆ ಬೇರೆ ದಾರಿಯಿಲ್ಲ. ಗುಂಡಿ ಒತ್ತುವುದು ಅವನ ಕೈ, ಒತ್ತಿಸುವುದು ಆ ಗೋಡೆ. ಗೋಡೆಯನ್ನು ಹಾಗೆಯೇ ಬಿಟ್ಟವನು ಕಾರಿತದ ಪಾಲಿನಿಂದ ತಪ್ಪಿಸಿಕೊಳ್ಳಲಾರ. ಗಟ್ಟಿಯಾದ ಕಟ್ಟಡ ಕೊಟ್ಟವನ ಪಾಲು ಬಹಳಷ್ಟು ಇಳಿಯುತ್ತದೆ. ಆಗ ಕೃತದ ಭಾರ ಒಳಗಿದ್ದವನ ಮೇಲೆ ಬೀಳುತ್ತದೆ. ಕೈಲಿ ಮೀಟರಿನ ಲೆಕ್ಕವಿದ್ದೂ ಸುಮ್ಮನಿರುವವರು ಯಾರೇ ಆಗಲಿ, ಮೂರನೆಯ ಪಾಲು ಅವರದು. ಪತ್ರದಲ್ಲಿ ಒಂದೇ ಅಕ್ಷರವಿದ್ದರೂ ಹೊಣೆ ಹೀಗೆ ಹಲವು ಕಡೆ ಹಂಚಿಹೋಗಿದೆ.

ಬ್ರಿಟನ್ನಿನ ಶಾಸನಕಾರರು ಈ ಕಾರಿತದ ಪಾಲನ್ನು ತಮ್ಮದೇ ರೀತಿಯಲ್ಲಿ ಗುರುತಿಸಿದರು. 2015ರಲ್ಲಿ ರಚಿಸಿದ ನಿಯಮಗಳ ಪ್ರಕಾರ 2018ರ ಏಪ್ರಿಲ್ 1ರಿಂದ 'ಇ' ದರ್ಜೆಗಿಂತ ಕೆಳಗಿನ ವಾಣಿಜ್ಯ ಕಟ್ಟಡವನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2023ರ ಏಪ್ರಿಲ್ 1ರಿಂದ ಹಳೆಯ ಕರಾರುಗಳಿಗೂ ಇದು ಅನ್ವಯ. ತಪ್ಪಿದವರಿಗೆ ಕಟ್ಟಡವೊಂದಕ್ಕೆ 1,50,000 ಪೌಂಡ್‌ಗಳವರೆಗೆ ದಂಡ ವಿಧಿಸಬಹುದು. ಹಾಗೆಂದು ಕಾಯಿದೆ ನಿರ್ದಯವಾಗಿಲ್ಲ. ಸುಧಾರಣೆಗೆ ಹಾಕಿದ ಹಣ ಏಳು ವರ್ಷದೊಳಗೆ ಉಳಿತಾಯದ ರೂಪದಲ್ಲಿ ಹಿಂದಿರುಗುವುದಿಲ್ಲವೆಂದು ತೋರಿಸಿದರೆ ವಿನಾಯಿತಿಯನ್ನು ನೋಂದಾಯಿಸಿಕೊಳ್ಳಬಹುದು. ಅದು ಐದು ವರ್ಷ ನಡೆಯುತ್ತದೆ. ಒಂದೇ ಮಳಿಗೆಯ ಬಾಡಿಗೆಯಿಂದ ಬಾಳು ಸಾಗಿಸುವ ವೃದ್ಧೆಯೂ, ನೂರು ಮಳಿಗೆಗಳ ಸಂಸ್ಥೆಯೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಇದರಲ್ಲಿದೆ. ಅಣುವ್ರತ ಮಹಾವ್ರತಗಳ ಭೇದವನ್ನು ಬಲ್ಲ ನಮಗೆ ಈ ಮೆಟ್ಟಿಲುಗಳು ಅಪರಿಚಿತವಲ್ಲ. ಕೊರತೆ ಇರುವುದು ಬೇರೆಡೆ. 'ಎಫ್' ಇದ್ದುದನ್ನು 'ಇ' ಮಾಡಿಕೊಳ್ಳಲು ಎಷ್ಟೋ ವೇಳೆ ದೀಪಗಳನ್ನು ಎಲ್‌ಇಡಿಗೆ ಬದಲಿಸಿದರೆ ಸಾಕಾಗುತ್ತದೆ. ದೀಪ ಬದಲಾಯಿಸಿ, ಪತ್ರ ಪಡೆದು, ಸೋರುವ ಮಾಡನ್ನು ಇನ್ನು ಹತ್ತು ವರ್ಷ ಮರೆಯಬಹುದು. ಕಾಯಿದೆ ಕೇಳಿದ್ದು ಅಷ್ಟೇ.

ಅಕ್ಷರದ ಹಂಬಲ ಇನ್ನೊಂದು ಬಗೆಯ ಹಿಂಸೆಗೂ ದಾರಿ ಮಾಡಿಕೊಡಬಲ್ಲದು. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿದರೆ 'ಎ' ಸುಲಭವಾಗಿ ದೊರೆಯುತ್ತದೆ. ಕೆಡವಿದ ಇಟ್ಟಿಗೆಯನ್ನು ಸುಡಲು ಅಂದು ಉರಿದ ಬೆಂಕಿ, ಹೊಸ ಸಿಮೆಂಟಿಗೂ ಉಕ್ಕಿಗೂ ಇಂದು ಉರಿಯುವ ಬೆಂಕಿ, ಇವು ಪತ್ರದ ಲೆಕ್ಕದಲ್ಲಿ ಬರುವುದೇ ಇಲ್ಲ. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಸಂಸ್ಥೆ ತನ್ನ ಹಳೆಯ ಮಳಿಗೆಯನ್ನು ಕೆಡವಿ ಮತ್ತೆ ಕಟ್ಟಲು ಹೊರಟಾಗ ಈ ವಾದವೇ ದೊಡ್ಡ ವಿವಾದವಾಯಿತು. 2023ರ ಜುಲೈನಲ್ಲಿ ಸರಕಾರದ ಮಂತ್ರಿ ಅನುಮತಿ ನಿರಾಕರಿಸಿದರು. 2024ರ ಮಾರ್ಚ್‌ನಲ್ಲಿ ಉಚ್ಚ ನ್ಯಾಯಾಲಯ ಆ ನಿರಾಕರಣೆಯನ್ನು ರದ್ದುಪಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂದಿನ ಸರಕಾರ ಅನುಮತಿ ಕೊಟ್ಟಿತು. ಹೊಸ ಕಟ್ಟಡ ದಶಕಗಳಲ್ಲಿ ಉಳಿಸುವ ಇಂಧನ ಹೆಚ್ಚೋ, ಕೆಡವಿ ಕಟ್ಟಲು ಇಂದೇ ಸುಡುವುದು ಹೆಚ್ಚೋ ಎಂಬುದರಲ್ಲಿ ತಜ್ಞರೇ ಎರಡು ಪಕ್ಷವಾದರು. ನಮ್ಮಲ್ಲಿ ಹೊಸ ಬಸದಿಯ ನಿರ್ಮಾಣಕ್ಕಿಂತ ಜೀರ್ಣೋದ್ಧಾರದ ಪುಣ್ಯ ಹಿರಿದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಲೆಸ್ಟರಿನ ಜೈನರು 1988ರಲ್ಲಿ ಪ್ರತಿಷ್ಠೆ ನಡೆಸಿದ ಮಂದಿರವೂ ಹತ್ತೊಂಬತ್ತನೆಯ ಶತಮಾನದ ಒಂದು ಕ್ರೈಸ್ತ ಪ್ರಾರ್ಥನಾಮಂದಿರವೇ. ಹಳೆಯ ಗೋಡೆಗಳನ್ನು ಉಳಿಸಿಕೊಂಡು ಮುಂಭಾಗಕ್ಕೆ ಅಮೃತಶಿಲೆಯನ್ನು ಹೊದಿಸಿ, ಒಳಗೆ ಕೆತ್ತನೆಯ ಕಂಬಗಳನ್ನು ನಿಲ್ಲಿಸಿದರು. ಇಂಧನದ ಮಾತು ಅಂದು ಯಾರ ಮನಸ್ಸಿನಲ್ಲೂ ಇದ್ದಿರಲಾರದು. ಆದರೂ ಅದು ಒಳ್ಳೆಯ ಮಾದರಿಯಾಗಿ ನಿಂತಿದೆ.

ಪತ್ರವನ್ನು ಬೇರೆ ರೀತಿಯಲ್ಲಿ ರೂಪಿಸಬಹುದೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ಅಲ್ಲಿನ ನೇಬರ್ಸ್ ಎಂಬ ಪದ್ಧತಿಯಲ್ಲಿ ಹನ್ನೆರಡು ತಿಂಗಳ ನಿಜವಾದ ಬಳಕೆಯಿಂದ ನಕ್ಷತ್ರಗಳು ದೊರೆಯುತ್ತವೆ. ಅದಕ್ಕಿಂತ ಮುಖ್ಯವಾದುದೆಂದರೆ, ಮಾಲೀಕನ ವಶದಲ್ಲಿರುವ ಲಿಫ್ಟು, ಮೊಗಸಾಲೆಯ ದೀಪ, ಕೇಂದ್ರೀಯ ಹವಾನಿಯಂತ್ರಣಕ್ಕೆ ಒಂದು ಲೆಕ್ಕ, ಬಾಡಿಗೆದಾರನ ದೀಪ ಮತ್ತು ಉಪಕರಣಗಳಿಗೆ ಇನ್ನೊಂದು ಲೆಕ್ಕ ಎಂದು ಬೇರ್ಪಡಿಸಬಹುದು. ಕೃತಕಾರಿತಗಳ ವಿಭಾಗವನ್ನು ಮೀಟರಿನಲ್ಲೇ ಮಾಡಿದಂತಾಯಿತು. 2010ರ ಶಾಸನವು ದೊಡ್ಡ ಕಚೇರಿಗಳನ್ನು ಮಾರುವಾಗ, ಬಾಡಿಗೆಗೆ ಕೊಡುವಾಗ ಈ ದರ್ಜೆಯನ್ನು ಬಹಿರಂಗಪಡಿಸಬೇಕೆಂದು ವಿಧಿಸಿತು. ಮೊದಲಿನ ಮಿತಿ 2,000 ಚದರ ಮೀಟರ್, 2017ರಿಂದ 1,000. ಕಟ್ಟಡ ಏಳುವ ಮೊದಲೇ ನಿರ್ಮಾಪಕನು ಇಂತಿಷ್ಟು ನಕ್ಷತ್ರವೆಂದು ಒಪ್ಪಂದಕ್ಕೆ ಸಹಿ ಹಾಕಿ, ಜನ ಬಂದು ನೆಲೆಸಿದ ಮೇಲೆ ಮೀಟರಿನಿಂದ ಅದನ್ನು ಸಿದ್ಧಪಡಿಸಿ ತೋರಿಸುವ ವ್ಯವಸ್ಥೆಯೂ ಅಲ್ಲಿದೆ. ಮೊದಲು ಸಂಕಲ್ಪ, ಆಮೇಲೆ ಆಚರಣೆ, ಕೊನೆಗೆ ಆಲೋಚನೆ; ಪ್ರತಿಕ್ರಮಣದ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು. 2020ರಲ್ಲಿ ಈ ಪದ್ಧತಿ ಕಚೇರಿಗಳಿಗಾಗಿ ಬ್ರಿಟನ್ನಿಗೂ ಬಂದಿದೆ, ಆದರೆ ಕಡ್ಡಾಯವಾಗಿ ಅಲ್ಲ.

ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರ ಮಾರ್ಚ್‌ನಲ್ಲಿ ಬಿಇಇ ಎಂಬ ಕೇಂದ್ರ ಸಂಸ್ಥೆ ಹುಟ್ಟಿತು. 2007ರಲ್ಲಿ ವಾಣಿಜ್ಯ ಕಟ್ಟಡಗಳ ನಿರ್ಮಾಣ ಸಂಹಿತೆ ಬಂದಿತು. ಫ್ರಿಜ್ಜಿನ ಮೇಲಿನ ನಕ್ಷತ್ರವೂ ಇದೇ ಸಂಸ್ಥೆಯದು. ಕಚೇರಿ ಕಟ್ಟಡಗಳಿಗೆ 2009ರಲ್ಲಿ ಅದು ಆರಂಭಿಸಿದ ನಕ್ಷತ್ರ ಯೋಜನೆ ಸ್ವಯಂಪ್ರೇರಣೆಯದಾದರೂ, ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ನೇರ ಲೆಕ್ಕದ ಮೇಲೆ ನಿಂತುದು. ಈ ಒಂದು ಅಂಶದಲ್ಲಿ ಬ್ರಿಟನ್ನಿನ ಕಡ್ಡಾಯ ಪತ್ರಕ್ಕಿಂತ ನಮ್ಮ ಐಚ್ಛಿಕ ನಕ್ಷತ್ರ ಹೆಚ್ಚು ಪ್ರಾಮಾಣಿಕವೆಂದು ಈ ಲೇಖಕನ ಅಭಿಪ್ರಾಯ. ಹೆಚ್ಚು ಮಂದಿ ಅದನ್ನು ಪಡೆಯಲು ಮುಂದೆ ಬಂದಿಲ್ಲವೆಂಬುದು ಬೇರೆ ಮಾತು.

ದೇವಾಲಯಗಳ ಟ್ರಸ್ಟುಗಳಿಗೆ ಈ ಚರ್ಚೆ ತಟ್ಟುವ ಸ್ಥಳ ಇಲ್ಲಿದೆ. ಬ್ರಿಟನ್ನಿನ ಕಾಯಿದೆ ಪೂಜಾಸ್ಥಳಗಳಿಗೆ ಪೂರ್ಣ ವಿನಾಯಿತಿ ಕೊಟ್ಟಿದೆ. ಚರ್ಚು, ಮಸೀದಿ, ಜಿನಮಂದಿರ ಯಾವುದಕ್ಕೂ ಅಕ್ಷರವಿಲ್ಲ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂತಹ ಕಟ್ಟಡಕ್ಕೆ ಅಕ್ಷರ ಬೇಕಾಗಿಯೂ ಇಲ್ಲ. ದಪ್ಪ ಕಲ್ಲು, ಇಳಿಜಾರು ಮಾಡು, ಒಳಗಿನ ನಸುಗತ್ತಲೆಯ ತಂಪು, ಅದು ಬೇಡುವುದೇ ಅತ್ಯಲ್ಪ. ಆದರೆ ಅಂತಹ ಬಸದಿಯ ಮಗ್ಗುಲಿಗೆ ಇಂದು ಕಲ್ಯಾಣಮಂಟಪ, ಯಾತ್ರಿನಿವಾಸ, ಬೀದಿಯ ಬದಿಗೆ ಎರಡಂತಸ್ತಿನ ಅಂಗಡಿ ಸಾಲು ಎದ್ದಿರುವುದುಂಟು. ಅವುಗಳ ಬಾಡಿಗೆಯಿಂದಲೇ ಪೂಜೆ, ಪಾಠಶಾಲೆ, ಆಹಾರದಾನ ನಡೆಯುವುದು. ವಿನಾಯಿತಿ ಗರ್ಭಗೃಹಕ್ಕೆ ಸಲ್ಲುತ್ತದೆಯೆಂದು ಮಳಿಗೆಗೂ ಅದರ ನೆರಳನ್ನು ಚಾಚುವುದು ಸುಲಭ.

ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬುದರಲ್ಲಿ ಮುನಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ನಿರ್ಣಯ ಯಾವುದಾದರೂ ಆ ವಿದ್ಯುತ್ತು ಬಂದ ದಾರಿ ಕಣ್ಣೆದುರಿಗಿದೆ. ರಾಯಚೂರಿನ ಸ್ಥಾವರಕ್ಕೆ ಗಣಿಯಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು, ಅಲ್ಲಿ ಆವಿಯಾಗುವ ಕೃಷ್ಣೆಯ ನೀರು, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿಗಾಗಿ ಮನೆ ಗದ್ದೆಗಳನ್ನು ಬಿಟ್ಟು ಹೋದ ಶರಾವತಿ ಕಣಿವೆಯ ಕುಟುಂಬಗಳು. ಬೇಕಾದುದಕ್ಕೆ ಬಳಸಿದರೆ ಅದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭ. ಯಾರೂ ಇಲ್ಲದ ಮಂಟಪದಲ್ಲಿ ತಂಪುಯಂತ್ರ ಓಡುತ್ತಿದ್ದರೆ ಅದಕ್ಕೆ ಅನರ್ಥದಂಡವೆಂದಲ್ಲದೆ ಬೇರೆ ಹೆಸರಿಲ್ಲ. ಆಚಾರ್ಯ ಸಮಂತಭದ್ರರು ಪ್ರಮಾದಚರ್ಯೆಯೆಂದು ಹೇಳಿರುವುದರಲ್ಲಿ ನಿಷ್ಪ್ರಯೋಜನವಾಗಿ ಬೆಂಕಿಯನ್ನು ಬಳಸುವುದೂ ಸೇರಿದೆ.

ಲೆಕ್ಕ ಕಷ್ಟದ್ದಲ್ಲ. ಟ್ರಸ್ಟಿನ ಸಂಕೀರ್ಣ 6,000 ಚದರ ಅಡಿಯದು, ವರ್ಷದ ಬಳಕೆ 54,000 ಯೂನಿಟ್ ಎಂದು ಭಾವಿಸೋಣ. ಚದರ ಅಡಿಗೆ 9 ಯೂನಿಟ್, ಚದರ ಮೀಟರಿಗೆ ಸುಮಾರು 97. ಮುಂದಿನ ವರ್ಷ ಅದು 90ಕ್ಕೆ ಇಳಿಯಿತೋ 105ಕ್ಕೆ ಏರಿತೋ ಎಂಬುದು ಯಾವ ಪರೀಕ್ಷಕನ ಹಂಗೂ ಇಲ್ಲದೆ ತಿಳಿಯುತ್ತದೆ. ವಾರ್ಷಿಕ ಸಭೆಯಲ್ಲಿ ಓದುವ ಆಯವ್ಯಯದಲ್ಲಿ ನಂದಾದೀಪದ ಎಣ್ಣೆಯ ಖರ್ಚು ಪೈಸೆ ಸಹಿತ ಇರುತ್ತದೆ. ವಿದ್ಯುತ್ತಿನದು ಮಾತ್ರ ರೂಪಾಯಿಯ ಒಂದೇ ಮೊತ್ತ. ರೂಪಾಯಿ ಇಲ್ಲಿ ಸರಿಯಾದ ಅಳತೆಯಲ್ಲ, ದರ ಬದಲಾದಂತೆ ಅದು ಏರಿಳಿಯುತ್ತದೆ. ಬೇಕಾದುದು ಯೂನಿಟ್ಟಿನ ಸಂಖ್ಯೆ. ಮಳಿಗೆಗಳಿಗೆ ಪ್ರತ್ಯೇಕ ಮೀಟರಿದ್ದರೆ ಬಾಡಿಗೆ ಕರಾರನ್ನು ನವೀಕರಿಸುವಾಗ ಒಂದು ವಾಕ್ಯ ಸೇರಿಸಬಹುದು: ವರ್ಷಕ್ಕೊಮ್ಮೆ ಬಾಡಿಗೆದಾರನು ತನ್ನ ಯೂನಿಟ್ ಲೆಕ್ಕವನ್ನು ಟ್ರಸ್ಟಿಗೆ ತಿಳಿಸತಕ್ಕದ್ದು, ಟ್ರಸ್ಟು ಮಾಡು ಮತ್ತು ಕಿಟಕಿಗಳ ಸೋರಿಕೆಯನ್ನು ತನ್ನ ಖರ್ಚಿನಲ್ಲಿ ಸರಿಪಡಿಸತಕ್ಕದ್ದು. ಮೊದಲ ವರ್ಷದ ಸಂಖ್ಯೆ ಸಭೆಗೆ ಹಿತವಾಗಿ ಕೇಳಿಸದಿರಬಹುದು. ಹನ್ನೆರಡು ತಿಂಗಳ ಬಿಲ್ಲುಗಳು ಕಚೇರಿಯ ಕಡತದಲ್ಲಿವೆ, ಕಟ್ಟಡದ ವಿಸ್ತೀರ್ಣ ನಕ್ಷೆಯಲ್ಲಿದೆ. ಭಾಗಿಸಲು ಗುಮಾಸ್ತರಿಗೆ ಕಾಲು ಗಂಟೆ ಸಾಕು.